ಕಂಬ ಹೊತ್ತ ಕ್ಯಾಪ್ಟನ್

ನಮ್ಮ ಕ್ಯಾಪ್ಟನ್ನರ ಬಲ ಹೆಗಲ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟೊಂದಿತ್ತು. ಶಿಕಾರಿಪುರದ ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದರಲ್ಲ, ಚೀಲ ಹೊತ್ತೇ ಆದದ್ದು ಅಂತ ಎಲ್ಲರೂ ಅಂದುಕೊಂಡಿದ್ದರು. ಅವರು ಮಾತ್ರ ಅದನ್ನು ಸವರಿಕೊಂಡು, "ಇದು ಫುಟ್‌ಬಾಲ್ ಆಡಿ ಬಂದಿದ್ದು ಕಣ್ರೀ" ಅನ್ನುತ್ತಿದ್ದರು. ಸುಳ್ಳೇನಲ್ಲ. ನಮ್ಮ ಕ್ಲಬ್ಬಿಗೆ ಸ್ವಂತ ಮೈದಾನ ಇರಲಿಲ್ಲ. ಜಾಗ ಬಿಡಿ ಅಂದಾಗೆಲ್ಲ ಮರದ ಗೋಲುಕಂಬ ಕಿತ್ತು ಹೆಗಲಿಗೇರಿಸಿ ಮುಂದೆ ನಡೆಯುತ್ತಿದ್ದವರು ಅವರೇ.

ಮೊದಲು ಆಡಿದ್ದು ಬೇಸಿಗೆಯಲ್ಲಿ ಬತ್ತುತ್ತಿದ್ದ ಕೆರೆಯಂಗಳದಲ್ಲಿ. ಆ ಕೆರೆಗೆ ಈಗ ಪೈಪಿನಲ್ಲಿ ನೀರು ಬಂದು ವರ್ಷಪೂರ್ತಿ ತುಂಬಿರುತ್ತದೆ. ಊರಿಗೆ ಒಳ್ಳೆಯದೇ ಆಯಿತು. ಆಮೇಲೆ ಮಂಡಿ ಹಿಂದಿನ ಬಯಲು. ಅಲ್ಲಿ ಗೋದಾಮು ಎದ್ದಿತು. ಕೊನೆಗೆ ಸೊರಬ ರಸ್ತೆಯ ಒಂದು ಗದ್ದೆ. ಕೊಯ್ಲಾದ ಮೇಲೆ ಮಳೆ ಬರುವ ತನಕ ಅದು ನಮ್ಮದು. ಅದರ ಬಾಡಿಗೆ ಬಾಬ್ತು ಗದ್ದೆ ಯಜಮಾನರ ತಿಪ್ಪೆಗೊಬ್ಬರವನ್ನು ತಂಡವೆಲ್ಲ ಸೇರಿ ಹೊತ್ತು ಹರಡಿಕೊಡಬೇಕು. ಮೂಗು ಮುಚ್ಚಿಕೊಂಡ ಗೋಲ್‌ಕೀಪರನನ್ನು ಕ್ಯಾಪ್ಟನ್, "ಎರಡೂ ಕೈ ಬುಟ್ಟಿಗೆ ಹಾಕಲೇ. ಬಾಲ್ ಹಿಡಿಯಾಕೂ ಒಂದೇ ಕೈಯೇನು?" ಎಂದು ರೇಗಿಸುತ್ತಿದ್ದರು.

ಸೊರಬದ ತಂಡ ಆಡಲು ಬಂದಾಗ ಕೂಳೆ ಚುಚ್ಚುವ ಆ ನೆಲ ನೋಡಿ ನಕ್ಕಿತು. "ಏನ್ರೀ, ಹೋದ್ ಸಲ ಮಂಡಿ, ಈ ಸಲ ಗದ್ದೆ. ಮುಂದಿನ್ ಸಲ ನಿಮ್ಮನೆ ಹಿತ್ಲಾ?"

"ಬರ್ರಿ, ಹಿತ್ತಲದಾಗೂ ಸೋಲಿಸಿ ಕಳಿಸ್ತೀವಿ" ಅಂದರು ಕ್ಯಾಪ್ಟನ್.

ಅವತ್ತು ಸೋತದ್ದು ನಾವೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕಿಳಿದವನು. ಆ ಸಂಜೆ ಕ್ಯಾಪ್ಟನ್ ಕಂಬಕ್ಕೆ ಒರಗಿ ನಿಂತು ನನಗಂದರು: "ಒಂದಿನ ನೀನೇ ಕಬ್ಬಿಣದ ಕಂಬ ನಿಲ್ಲಿಸಿ ಕಾಂಕ್ರೀಟ್ ಹಾಕ್ಬೇಕು ನೋಡು. ಯಾರಪ್ಪ ಬಂದ್ರೂ ಕೀಳಾಕಾಗ್ಬಾರ್ದು."

"ನಾ ಹಾಕಿದ್ದು ಯಾರಿಗೂ ಕೀಳಾಕಾಗಲ್ಲ ಅಣ್ಣಾ" ಅಂದೆ.

ಆ ಗದ್ದೆಯೂ ಲೇಔಟ್ ಆಯಿತು. ಈಗ ನಮ್ಮ ಹುಡುಗರು ಕಾಲೇಜು ಮೈದಾನದಲ್ಲಿ ಆಡುತ್ತಾರೆ. ಆಟ ಮುಗಿದೊಡನೆ ಕಂಬ ತೆಗೆಯಬೇಕು. ಹೋದ ಬೇಸಿಗೆಯಲ್ಲಿ ಕ್ಯಾಪ್ಟನ್ ಹಾಸಿಗೆ ಹಿಡಿದರು. ನೋಡಲು ಹೋದರೆ ಕೇಳಿದ್ದು ಒಂದೇ: "ಕಂಬದ ಗುಂಡಿ ತೆಗೆದ್ಯೇನೋ?"

"ಜಾಗ ಸಿಕ್ಕಿಲ್ಲಣ್ಣಾ."

"ಸಿಗ್ತೈತಿ ಬಿಡು. ಸಿಮೆಂಟ್ ಮಾತ್ರ ಒಳ್ಳೇದು ಹಾಕು."

ಆ ವಾರವೇ ಹೋದರು.

ಊರಲ್ಲಿ ಎಷ್ಟೋ ಮನೆಗೆ ಪಾಯ ಹಾಕಿದ್ದೇನೆ. ಒಂದೂ ಬಿರುಕು ಬಿಟ್ಟಿಲ್ಲ. ಈಗ ಹೊಸ ಲೇಔಟಿಗೆ ಹೋದರೆ, ಪಾಯದ ಗುರುತಿಗೆ ದಾರ ಕಟ್ಟುವ ಮೊದಲು, ಕಲ್ಲು ನೆಟ್ಟ ಸೈಟುಗಳ ಆಚೆಯವರೆಗೂ ಕಣ್ಣು ಓಡಿಸುತ್ತೇನೆ. ಒಂದು ಗೋಲು ಇಲ್ಲಿ, ಇನ್ನೊಂದು ಅಲ್ಲಿ. ನೆಲ ಮಟ್ಟಸವಾಗಿಯೇ ಇರುತ್ತದೆ. ಅಷ್ಟರಲ್ಲಿ ಮನೆ ಯಜಮಾನರು ಗುದ್ದಲಿ ಪೂಜೆಗೆ ಕರೆಯುತ್ತಾರೆ.