ಮಜ್ಜಿಗೆ ಒಲ್ಲದ ಹೆಂಗಸರು

ಬೇಗೂರಿನ ಬಸ್ ಸ್ಟಾಪಿನ ಎದುರಿಗೇ ನಮ್ಮ ಮನೆ. ಬೇಸಿಗೆ ಬಂತೆಂದರೆ ಜಗಲಿಯ ಮೇಲೆ ಮಜ್ಜಿಗೆಯ ಮಡಕೆ ಇಡುವುದು ಮಾವನವರ ಕಾಲದಿಂದ ಬಂದ ಪದ್ಧತಿ. ಅವರು ತೀರಿಕೊಂಡ ಮೇಲೆ ನಮ್ಮ ಯಜಮಾನರು ಅವರ ಹೆಸರಿನಲ್ಲಿ ಒಂದು ಬೋರ್ಡು ಬರೆಸಿ ಮಡಕೆಯ ಮೇಲ್ಗಡೆ ತಗುಲಿಹಾಕಿದರು. ಮಜ್ಜಿಗೆ ಮಾತ್ರ ಅತ್ತೆಯದೇ. ಶುಂಠಿ, ಹಸಿಮೆಣಸಿನಕಾಯಿ ಜಜ್ಜಿ, ಕರಿಬೇವು ಹರಿದು ಹಾಕುವವರೂ ಅವರೇ, ಉಪ್ಪು ನೋಡುವವರೂ ಅವರೇ. ಸೊಸೆಯ ನಾಲಿಗೆಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಅದು ಉದ್ದ ಅನ್ನುವುದು ಅವರ ದೂರು, ಅದೇನೂ ಸುಳ್ಳಲ್ಲ.

ಹೋದ ಬೇಸಿಗೆಯಲ್ಲಿ ಮಡಕೆ ಪಕ್ಕ ಕೂತು ಲೋಟ ತುಂಬಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸಿಗೆ ಕಾಯುವ ಗಂಡಸರು ಬಂದು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಇನ್ನೊಂದು ಲೋಟಕ್ಕೆ ಕೈಚಾಚುತ್ತಿದ್ದರು. ಹೆಂಗಸರು ಮಾತ್ರ ಸೆರಗನ್ನು ತಲೆಮೇಲೆ ಎಳೆದುಕೊಂಡು ಬಿಸಿಲಲ್ಲೇ ನಿಂತು, ಕರೆದರೂ ಬ್ಯಾಡ ಕಣವ್ವ ಎಂದುಬಿಡುತ್ತಿದ್ದರು. ಸಂಜೆ ಮಡಕೆಯಲ್ಲಿ ಉಳಿದದ್ದನ್ನು ನೋಡಿ ಅತ್ತೆಯ ಮುಖ ಸಣ್ಣಗಾಗುತ್ತಿತ್ತು.

"ನನ್ ಮಜ್ಗೆಗೆ ಏನ್ ಬಂದದೆ? ಕುಡ್ಯಕ್ಕಾಗ್ದಂಗೆ ಉಳಿ ಆಗ್ಯದಾ?"

ಒಂದು ದಿನ ತಡೆಯಲಾರದೆ, ತುಟಿ ಒಣಗಿ ನಿಂತಿದ್ದ ಒಬ್ಬಾಕೆಯನ್ನು ಕೇಳಿಯೇಬಿಟ್ಟೆ. ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಚಾಮ್ರಾಜ್‌ನಗರ್ದ ಗಂಟ ಓಗ್ಬೇಕು ಕಣವ್ವ. ಕುಡ್ದ್‌ಬುಟ್ರೆ ಆಮೇಲೆ ಎಲ್ಲಿಗೋಗನ ಹೇಳು?"

ನಗುವೂ ಬಂತು, ಸಿಟ್ಟೂ ಬಂತು. ಉಮ್ಮತ್ತೂರಿನ ತವರಿಗೆ ಹೊರಟ ದಿನ ನಾನೂ ಬೆಳಿಗ್ಗೆಯಿಂದ ತೊಟ್ಟು ನೀರು ಕುಡಿಯುವುದಿಲ್ಲ. ನಡುವೆ ಎರಡು ಕಡೆ ಬಸ್ಸು ಬದಲಾಯಿಸಬೇಕಲ್ಲ! ಅಷ್ಟು ಗೊತ್ತಿದ್ದವಳು ಇಲ್ಲಿ ಕೂತು ಬನ್ನಿ, ಕುಡಿಯಿರಿ ಎಂದು ಕರೆಯುತ್ತಿದ್ದೆ. ಆಕೆಯನ್ನು ಪಕ್ಕದ ಸಂದಿಯಿಂದ ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಾತ್‌ರೂಮು ತೋರಿಸಿದೆ. ಹೊರಗೆ ಬಂದವಳೇ ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದಳು.

ಸುದ್ದಿ ಹರಡಲು ಹೊತ್ತು ಬೇಕೆ? ನಾಲ್ಕು ದಿನಕ್ಕೆ ನಮ್ಮ ಸಂದಿಯಲ್ಲಿ ಹೆಂಗಸರ ಓಡಾಟ ಶುರುವಾಯಿತು. ಟ್ಯಾಂಕು ಬೇಗ ಖಾಲಿಯಾಗುತ್ತಿದೆ ಎಂದು ಯಜಮಾನರು ಗೊಣಗಿದರು. ಅತ್ತೆ ಗೊಣಗಲಿಲ್ಲ, ಗುಡುಗಿದರು.

"ಒಟ್ಟೆಗೆ ಆಕದು ದಾಸೋಹ ಕಣಮ್ಮಿ. ದಾರೀಲಿ ಓಗೋರ್ಗೆಲ್ಲ ಕಕ್ಕಸು ತೆಗ್ದುಕೊಡದು ಯಾವ್ ಸೀಮೆ ದಾಸೋಹ?"

"ನಿಮ್ಮ ಪುಣ್ಯ ನಿಮ್ಮ ಮಡಕೇಲಿ ಇರ್ಲಿ ಅತ್ತೆ. ನಂದು ಹಿತ್ತಲಲ್ಲಿ ಇರ್ಲಿ. ತೊಳೆಯೋಳು ನಾನು ತಾನೆ?"

"ಅದ ತೊಳ್ದ ಕೈಲಿ ನನ್ ಮಡ್ಕೆ ಮುಟ್ಬ್ಯಾಡ, ಅಷ್ಟೆ."

ಹೀಗಾಗಿ ಮಡಕೆಯ ಪಕ್ಕ ಅತ್ತೆಯೇ ಕೂರುವಂತಾಯಿತು. ನಾನು ಪೊರಕೆ, ಫಿನಾಯಿಲ್ ಹಿಡಿದು ಹಿತ್ತಿಲು ಸೇರಿದೆ. ಒಳ್ಳೆಯ ಕೆಲಸ ಮಾಡುವಾಗ ಮನಸ್ಸು ಹಗುರಾಗುತ್ತದೆ ಎಂದು ಹೇಳುವವರು ಯಾರೂ ಬೇಗೂರು ಬಸ್ ಸ್ಟಾಪಿನ ಎದುರು ಕಕ್ಕಸು ತೊಳೆದಿರಲಾರರು. ಒಂದು ಮಧ್ಯಾಹ್ನ ಯಾರೋ ಪುಣ್ಯಾತ್ಗಿತ್ತಿ ನೀರು ಹಾಕದೆ ಹೋಗಿದ್ದಳು. ನನ್ನ ತಲೆ ಕೆಟ್ಟುಹೋಯಿತು. ಬಾಯಿಗೆ ಬಂದಂತೆ ಬೈಯುತ್ತ ತೊಳೆದು, ಬಾಗಿಲಿಗೆ ಬೀಗ ಜಡಿದು, ಕೀಲಿಕೈ ಅಡುಗೆಮನೆಯ ಮೊಳೆಗೆ ಸಿಕ್ಕಿಸಿ ಮಲಗಿಬಿಟ್ಟೆ. ನನ್ನನ್ನೇನು ಯಾರಾದರೂ ಮಾಡು ಎಂದು ಕೇಳಿಕೊಂಡಿದ್ದರಾ?

ಕಣ್ಣು ಮುಚ್ಚಿದರೂ ನಿದ್ದೆ ಬರಲಿಲ್ಲ. ಸಂದಿಯಲ್ಲಿ ಚಪ್ಪಲಿಯ ಸದ್ದು ಬರುವುದು, ಬೀಗದ ಮುಂದೆ ನಿಲ್ಲುವುದು, ಹಿಂದಿರುಗುವುದು ಕೇಳುತ್ತಿತ್ತು. ಆದರೂ ಹಟಕ್ಕೆ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಒಳಗೆ ಬಂದರು. ಕೈಯಲ್ಲಿ ಯಾರೋ ಕುಡಿಯದೆ ಇಟ್ಟುಹೋದ ತುಂಬಿದ ಲೋಟ.

"ಬೀಗದ್ ಕೈ ಎಲ್ಲಮ್ಮಿ?"

ನಾನು ಮೊಳೆ ತೋರಿಸಿದೆ. ತೆಗೆದುಕೊಂಡು ಹಿತ್ತಿಲಿಗೆ ಹೋದರು. ನನಗೂ ಮಲಗಿರಲು ನಾಚಿಕೆಯಾಗಿ ಎದ್ದು ಜಗಲಿಗೆ ಬಂದೆ. ಅತ್ತೆ ಆಗಲೇ ಹಿತ್ತಿಲಿಂದ ಹಿಂದಿರುಗಿ, ಮಗು ಎತ್ತಿಕೊಂಡು ನಿಂತಿದ್ದ ಒಬ್ಬಾಕೆಗೆ ಲೋಟ ಹಿಡಿಯುತ್ತಿದ್ದರು. ಬಸ್ ಸ್ಟಾಪಿಗೆಲ್ಲ ಕೇಳುವ ದನಿ.

"ಒಟ್ಟೆ ತುಂಬ ಕುಡಿಯವ್ವ. ಎದ್ರುಕೋಬ್ಯಾಡ, ಇತ್ಲಲ್ಲಿ ಕಕ್ಕಸು ಅದೆ!"

ಬಾಗಿಲಲ್ಲಿದ್ದ ಯಜಮಾನರಿಗೆ ತಲೆ ಎತ್ತಲಾಗದಷ್ಟು ಅವಮಾನ.

"ಅಪ್ಪಾಜಿ ಹೆಸ್ರು ಬರ್ಸಿರೋ ಬೋರ್ಡ್ ಕೆಳಗೆ ಕೂತ್ಕೊಂಡು ಇದೇನವ್ವ ಕೂಗೋದು?"

"ಯಾಕ್ಲಾ? ನಿಮ್ಮಪ್ಪ ಕಕ್ಕಸ್ಗೆ ಓಯ್ತಿರ್ಲಿಲ್ವಾ?"

ಮಗು ಎತ್ತಿಕೊಂಡಿದ್ದವಳು ಮಜ್ಜಿಗೆ ನೆತ್ತಿಗೇರುವಷ್ಟು ನಕ್ಕಳು. ಆಮೇಲೆ ಸುಧಾರಿಸಿಕೊಂಡು, ಖಾಲಿ ಲೋಟವನ್ನು ಮತ್ತೆ ಅತ್ತೆಯ ಮುಂದೆ ಹಿಡಿದಳು.