ಕೋರ್ಟು ಏಳುವ ತನಕ

ಗುಡೇಕೋಟೆಯ ಮೈಲಾರಲಿಂಗಪ್ಪನನ್ನು ಕಳ್ಳ ಅಂದವರಿಲ್ಲ, ಸುಳ್ಳ ಅಂದವರಿಲ್ಲ. ಒಣ ಜಂಬದವ ಅನ್ನುತ್ತಾರೆ, ಅದು ನಿಜ. ಕುರಿಹಿಂಡು, ಶೇಂಗಾದ ಹೊಲ, ಗಿರಿಜಾ ಮೀಸೆ, ಊರ ದೈವದಲ್ಲಿ ಒಂದು ಮಾತು, ಇಷ್ಟು ಅವನ ಆಸ್ತಿ. ದೈವ ಎಂದರೆ ನಮ್ಮ ಕಡೆ ದೇವರಲ್ಲ, ನ್ಯಾಯಕ್ಕೆ ಕಟ್ಟೆಯ ಮೇಲೆ ಕೂಡುವ ಊರ ಹಿರಿಯರು. ತಪ್ಪು ಮಾಡಿದವನು ‘ತಪ್ಪಾತು’ ಅಂತ ದೈವಕ್ಕೆ ಅಡ್ಡಬಿದ್ದು, ಕಾಣಿಕೆ ಇಟ್ಟು, ಅಲ್ಲೇ ಕೂಡಬೇಕು. ಹಿರಿಯ ತನ್ನ ವಲ್ಲಿವಸ್ತ್ರ ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದನೆಂದರೆ ದೈವ ಎದ್ದಂತೆ, ತಪ್ಪು ಹರಿದಂತೆ. ಎಷ್ಟೋ ಸಲ ಹಾಗೆ ಎದ್ದವನು ಮೈಲಾರಲಿಂಗಪ್ಪನೇ.

ಇಂಥವನಿಗೆ ಏರ್‌ಗನ್ನಿನ ಹುಚ್ಚು ಎಲ್ಲಿಂದ ಹತ್ತಿತೋ! ಹೊಲಕ್ಕೆ ಹಂದಿ ಬೀಳುತ್ತವೆ ಎಂಬುದು ನೆಪ. ಯಾರೋ ಮಾರಲು ತಂದಿದ್ದ ಅದು ಥೇಟ್ ಪೊಲೀಸರ ಬಂದೂಕಿನಂತೆ ಕಂಡಿತು, ಸೋತುಬಿಟ್ಟ. ಹಂದಿಯಂತೂ ಒಂದೂ ಹೆದರಲಿಲ್ಲ. ಮಾನವಮಿ ಹಬ್ಬದಲ್ಲಿ ಕುಡುಗೋಲು, ಉಣ್ಣೆ ಕತ್ತರಿಯ ಜೊತೆಗೆ ಅದಕ್ಕೂ ಕುಂಕುಮ ಹಚ್ಚಿ, ಹೆಗಲಿಗೇರಿಸಿ, ಫೋಟೋ ಹೊಡೆಸಿ ಸ್ಟೇಟಸ್ಸಿಗೆ ಹಾಕಿಸಿದ. ಹೋಳಿಗೆ ಹಳಸುವ ಮೊದಲೇ ಪೊಲೀಸರು ಬಂದರು. ಆಟದ ಸಾಮಾನು ಅಂತ ವಾದಿಸಿ ನೋಡಿದ. ಅದರ ಹೊಡೆತ ಜೋರಿದೆ, ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ ಅಂತ ಪರೀಕ್ಷೆಯಲ್ಲಿ ಬಂತು.

ಅವನಿಗೆ ಜೈಲಿಗಿಂತ ಮಗಳ ಅಂಜಿಕೆ ಹೆಚ್ಚು. ಶೃತಿ ಆಗ ಕಾನ್‌ಸ್ಟೇಬಲ್ ಟ್ರೈನಿಂಗಿನಲ್ಲಿದ್ದಳು. ಆಮೇಲೆ ಹರಪನಹಳ್ಳಿ ಕಡೆ ಕೆಲಸಕ್ಕೆ ಸೇರಿದಳು. ಅವಳಿಗೆ ಹೇಳಬೇಡಿರೆಂದು ಹೆಂಡತಿ ಗಾದೆಮ್ಮನಿಂದ ಹಿಡಿದು ಓಣಿಯವರಿಗೆಲ್ಲ ಕೈಮುಗಿದಿದ್ದ. ಖಾಕಿ ತೊಟ್ಟ ಮಗಳೆದುರು ಕಟಕಟೆಯ ಅಪ್ಪನಾಗುವುದು ಅವನಿಂದಾಗದು.

ಕೂಡ್ಲಿಗಿ ಕೋರ್ಟಿನಲ್ಲಿ ವಕೀಲ ಗವಿಸಿದ್ದೇಶ್ ಎಷ್ಟು ತಡೆದರೂ “ತಪ್ಪಾತ್ರಿ” ಅಂದೇಬಿಟ್ಟ. ಜಡ್ಜ್ ಸಾಹೇಬರು ಅವನ ವಯಸ್ಸು ನೋಡಿ, ಹಿಂದೆ ಯಾವ ಕೇಸೂ ಇಲ್ಲದ್ದು ನೋಡಿ, ದಂಡ ಹಾಕಿ, ಕೋರ್ಟು ಏಳುವ ತನಕ ಸಜೆ ಎಂದರು.

“ಅಂದ್ರೇನ್ರಿ?”

“ಜೈಲಿಲ್ಲ ಬಿಡ್ರಿ. ಕೋರ್ಟು ಏಳೋತನ ಇಲ್ಲೇ ಮೂಲ್ಯಾಗ ಕುಂದ್ರಬೇಕು,” ಅಂದರು ವಕೀಲರು.

ಇದು ನಮ್ಮ ದೈವದ ಲೆಕ್ಕವೇ ಅಂದುಕೊಂಡು ಕೂತ. ಮಧ್ಯಾಹ್ನ ಸಾಹೇಬರು ಎದ್ದರು, ಹಾಲಿನಲ್ಲಿದ್ದವರೆಲ್ಲ ಎದ್ದರು. ಇವನೂ ಎದ್ದ, ವಲ್ಲಿ ಝಾಡಿಸಿದ, ಸೀದಾ ಹೋಗಿ ಊರ ಬಸ್ಸು ಹತ್ತಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಲ್ಲ! ಪಕ್ಕದಲ್ಲಿದ್ದ ತನ್ನೂರ ಕರಿಸಿದ್ದಪ್ಪನಿಗೆ, “ಎಲ್ಲಾ ಹರೀತು, ನಮ್ಮ ಶೃತಿಗೆ ಸುದ್ದಿನೂ ಇಲ್ಲ,” ಅಂತ ಕಿವಿಯಲ್ಲಿ ಹೇಳಿದ.

ಅತ್ತ ಕೋರ್ಟಿನಲ್ಲಿ ಸಜೆಯವನು ಓಡಿಹೋದ ಅಂತ ಗದ್ದಲ. ಬೇರೆ ಕೇಸಿನ ಕಾಗದ ತಂದು ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ಲಿಗೆ ಕೋರ್ಟಿನ ಜಮಾದಾರ ಹೆಸರು, ಊರು ಹೇಳಿ ಅಟ್ಟಿದ. ಅವಳು ಶೃತಿ.

ಇನ್ನೂ ಹೊರಡದ ಬಸ್ಸಿಗೆ ಖಾಕಿ ಹತ್ತಿದ್ದು ಕಂಡು ಮೈಲಾರಲಿಂಗಪ್ಪ ತಲೆಯೆತ್ತಿದ. ಮಗಳ ಮುಖ ಕಂಡು ವಲ್ಲಿಯಲ್ಲಿ ಮುಖ ಮುಚ್ಚಿಕೊಂಡ. ಅದೇ ಹೆಸರಿನ ಬೇರೆ ಯಾರೋ ಇರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡು ಬಂದವಳು ಆ ವಲ್ಲಿಯ ಮುಂದೆ ನಿಂತಳು. ಬಸ್ಸಿನ ತುಂಬ ಮಂದಿ.

“ಅಪ್ಪಾ, ಉಂಡಿಲ್ಲಲ್ಲ ನೀನು. ಬಾ, ಉಂಡು ಹೋಗುವಂತಿ,” ಅಂದಳು.

ಇಳಿದು ಸ್ವಲ್ಪ ದೂರ ಬಂದ ಮೇಲೆ ಹೇಳಿದಳು. “ಕೋರ್ಟು ಇನ್ನ ಎದ್ದಿಲ್ಲಪ್ಪಾ. ಊಟಕ್ಕ ಹೋಗ್ಯಾರ, ಅಷ್ಟ. ಸಂಜಿಗೆ ಏಳ್ತೈತಿ.”

“ನಾ ಓಡಿಹೋಗಿಲ್ಲವ್ವಾ. ದೈವ ಎದ್ದಂಗ ಅಂತ ತಿಳಕಂಡೆ.” ಕೋರ್ಟಿನ ಗೇಟು ಕಂಡಾಗ, “ನನ್ನ ಮಗಳು ಅಂತ ಅಲ್ಲಿ ಹೇಳಬ್ಯಾಡ. ನಿನ್ನ ನೌಕರಿಗೆ ಮಸಿ ಹತ್ತೀತು,” ಅಂದ.

ಕೋರ್ಟಿನ ಬಾಗಿಲಲ್ಲಿ ಜಮಾದಾರ ಬಾಯಿ ತೆಗೆಯುವ ಮೊದಲೇ, “ನಮ್ಮಪ್ಪ ರೀ ಇವರು. ಓಡಿಹೋಗಿಲ್ಲ, ತಿಳೀಲಿಲ್ಲ ಅವರಿಗೆ,” ಅಂದಳು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು ಮೈಲಾರಲಿಂಗಪ್ಪನಿಗೆ. ಊಟ ಬೇಡವೆಂದ. ಸಂಜೆಯವರೆಗೂ ನೆಲ ನೋಡುತ್ತ ಕೂತ.

ಸಂಜೆ ಸಾಹೇಬರು ಎದ್ದರು, ಎಲ್ಲರೂ ಎದ್ದರು. ಅವನು ಏಳಲಿಲ್ಲ.

“ಏಳಪ್ಪಾ, ಈಗ ಎದ್ದೈತಿ ಕೋರ್ಟು.”

“ಕೋರ್ಟು ಎದ್ದೈತಿ. ನಾ ಹೆಂಗ ಏಳ್ಲಿ?”

ವಲ್ಲಿ ಹೆಗಲಿಂದ ಜಾರಿ ಕಾಲ ಹತ್ತಿರ ಬಿದ್ದಿತ್ತು. ಶೃತಿ ಬಗ್ಗಿ ಅದನ್ನು ಎತ್ತಿಕೊಂಡಳು, ಜೋರಾಗಿ ಝಾಡಿಸಿ ಅವನ ಹೆಗಲಿಗೆ ಹಾಕಿದಳು.