ಪುತ್ತೂರಿನಲ್ಲೊಂದು ಸಮುದ್ರ

1959ರಲ್ಲಿ ನಾನು ಪುತ್ತೂರಿನ ಬಸ್ ನಿಲ್ದಾಣದ ಎದುರಿನ ಮಾಳಿಗೆಯಲ್ಲಿ ಒಂದು ಫೋಟೊ ಸ್ಟುಡಿಯೋ ನಡೆಸುತ್ತಿದ್ದೆ. ವಿದ್ಯುತ್ ದೀಪದ ಬೆಳಕಿನಲ್ಲಿ ಫೋಟೊ ತೆಗೆಯುವ ಅನುಕೂಲ ಆಗ ನನಗಿರಲಿಲ್ಲ. ಮಾಡಿನ ಒಂದು ಪಾಲಿಗೆ ಗಾಜಿನ ಹೆಂಚು ಹೊದೆಸಿ, ಬೆಳಗಿನ ಬಿಸಿಲು ಹದವಾಗಿರುವಾಗ ಕೆಲಸ ಮುಗಿಸುತ್ತಿದ್ದೆ. ಮೂರು ಕಾಲಿನ ಮರದ ಕ್ಯಾಮೆರಾ, ತಲೆಯ ಮೇಲೆ ಹೊದೆಯಲು ಕಪ್ಪು ಬಟ್ಟೆ, ಒಳಗೆ ಗಾಜಿನ ಪ್ಲೇಟು. ಚಿತ್ರ ಮೊದಲು ಮೂಡುವುದು ಆ ಗಾಜಿನ ಮೇಲೆ, ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ. ಅದೇ ನೆಗೆಟಿವ್. ಅದರಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದಿತ್ತು. ನಾನು ಒಂದು ಪ್ಲೇಟನ್ನೂ ಎಸೆಯದೆ ಮರದ ಪೆಟ್ಟಿಗೆಗಳಲ್ಲಿ ತುಂಬಿಸಿಡುತ್ತಿದ್ದೆ.

ನನಗೆ ಅನ್ನ ಕೊಟ್ಟದ್ದು ಮನುಷ್ಯರಿಗಿಂತ ಹೆಚ್ಚಾಗಿ ಬಸ್ಸುಗಳು. ಹೊಸ ಬಸ್ಸು ಬಂತೆಂದರೆ ಪೂಜೆ ಮಾಡಿಸಿ, ಮೂತಿಗೆ ಸೇವಂತಿಗೆ ಮಾಲೆ ಹಾಕಿ, ಪಕ್ಕದಲ್ಲಿ ಮಾಲೀಕರು ನಿಂತು ಫೋಟೊ ತೆಗೆಸಲೇಬೇಕು. ಕೆಲವು ಮಾಲೀಕರ ಮದುವೆಯಲ್ಲೂ ಅಷ್ಟು ದಪ್ಪದ ಮಾಲೆ ಇದ್ದಿರಲಾರದು. ಬೆಳ್ಳಾರೆ, ಸುಳ್ಯ, ಕಡಬ, ಸುಬ್ರಹ್ಮಣ್ಯಕ್ಕೆ ಓಡುತ್ತಿದ್ದ ಎಷ್ಟೋ ಬಸ್ಸುಗಳ ಮೊದಲ ಫೋಟೊ ನನ್ನ ಕ್ಯಾಮೆರಾದ್ದು.

ಸ್ಟುಡಿಯೋದ ಒಳಗೆ ಮೂರು ಪರದೆಗಳಿದ್ದವು. ಒಂದರಲ್ಲಿ ಬಸ್ಸು, ಒಂದರಲ್ಲಿ ರೈಲು, ಒಂದರಲ್ಲಿ ಸಮುದ್ರದ ದಂಡೆ. ಮಾದರಿಗೆಂದು ನಾನೇ ಮಂಗಳೂರಿಗೆ ಹೋಗಿ ಸ್ಟೇಷನ್ನಿನಲ್ಲಿ ರೈಲಿನದ್ದೂ ಸಂಜೆ ದಂಡೆಯದ್ದೂ ಫೋಟೊ ತೆಗೆದು ತಂದಿದ್ದೆ. ನಾಟಕ ಕಂಪೆನಿಗಳಿಗೆ ಪರದೆ ಬರೆಯುವವರೊಬ್ಬರು ಅವನ್ನು ನೋಡಿ ಬಟ್ಟೆಯ ಮೇಲೆ ಬರೆದರು. ನನ್ನ ಫೋಟೊದಲ್ಲಿ ಹಡಗು ಇರಲಿಲ್ಲ, ಅವರ ಸಮುದ್ರದಲ್ಲಿತ್ತು. ಕೇಳಿದರೆ, "ಸಮುದ್ರ ಅಂದ ಮೇಲೆ ಹಡಗು ಬೇಡ್ವಾ ಮಾರಾಯ್ರೆ?" ಎಂದರು. ಒಮ್ಮೆ ಆ ಪರದೆಯ ಆಕಾಶ ಗೋಡೆಯ ಮೊಳೆಗೆ ಸಿಕ್ಕಿ ಹರಿಯಿತು. ಹೊಲಿದ ಗುರುತು ಮುಚ್ಚಲು ಅವರು ಅಲ್ಲೊಂದು ಹಕ್ಕಿ ಬರೆದರು. ಹೊಲಿಗೆ ಸೊಟ್ಟಗಿದ್ದುದರಿಂದ ಹಕ್ಕಿಯ ಒಂದು ರೆಕ್ಕೆ ಇನ್ನೊಂದರ ಎರಡು ಪಾಲು ಆಯಿತು.

ಹೊರಗೆ ನಿಜವಾದ ಬಸ್ಸು ನಿಂತಿರುವಾಗ ಪರದೆಯ ಬಸ್ಸಿನ ಎದುರು ನಿಲ್ಲಲು ಯಾರು ಬರುತ್ತಾರೆ ಎಂದು ನನ್ನ ತಂದೆ ತಮಾಷೆ ಮಾಡಿದ್ದರು. ಬಂದರು. ಹೊರಗಿನದ್ದಕ್ಕೆ ಧೂಳು ಹಿಡಿದಿರುತ್ತಿತ್ತು, ಒಳಗಿನದ್ದು ಯಾವತ್ತೂ ಹೊಸತು. ಗಿರಾಕಿಗಳಿಗೆಂದು ಒಂದು ಕಪ್ಪು ಕೋಟನ್ನೂ ಗೂಟಕ್ಕೆ ತೂಗುಹಾಕಿದ್ದೆ. ಅದರ ನಡುವಿನ ಗುಂಡಿ ಬಿದ್ದುಹೋಗಿ ಹಿತ್ತಾಳೆಯದ್ದೊಂದನ್ನು ಹೊಲಿಸಿದ್ದೆ. ಪುತ್ತೂರು ಸೀಮೆಯ ಅರ್ಧ ಮದುಮಗಂದಿರು ಆ ಒಂದೇ ಕೋಟಿನಲ್ಲಿ ಗೋಡೆಗಳ ಮೇಲಿದ್ದಾರೆ.

ಆ ವರ್ಷದ ಜನವರಿಯಲ್ಲಿ ಒಬ್ಬ ಏಜೆಂಟ್ ನಾಲ್ಕು ಜನರನ್ನು ಕರೆತಂದ. ಅವನ ಹೆಸರು ಬರೆದು ಅವನನ್ನು ಇನ್ನೊಮ್ಮೆ ಬದುಕಿಸುವ ಮನಸ್ಸು ನನಗಿಲ್ಲ. ಇಸ್ತ್ರಿ ಹಾಕಿದ ಅಂಗಿ, ಬಾಯಿ ತುಂಬ ನಗು. ಬೊಂಬಾಯಿ ಬಂದರಿನಲ್ಲಿ ಕೆಲಸ ಕೊಡಿಸುತ್ತೇನೆಂದು ಹಳ್ಳಿಗಳಿಂದ ಜನ ಒಟ್ಟುಮಾಡುವುದು ಅವನ ಉದ್ಯೋಗ. ಎಲ್ಲರಿಗೂ ಕೋಟು ಹಾಕಿಸಿ, ಒಬ್ಬೊಬ್ಬರನ್ನಾಗಿ ಸಮುದ್ರದ ಎದುರು ನಿಲ್ಲಿಸಲು ಹೇಳಿದ. ಕೊನೆಗೆ, "ಹಿಂದೆ ನಿಮ್ಮ ಮೊಹರು ಹಾಕುದು ಬೇಡ," ಎಂದ. ಪ್ರತಿಯ ಬೆನ್ನಿಗೆ ಸ್ಟುಡಿಯೋದ ಹೆಸರು, ಊರು ಇರುವ ರಬ್ಬರ್ ಮೊಹರು ಒತ್ತುವುದು ವಾಡಿಕೆ. ಅದು ಬೇಡವೆನ್ನುವವರು ಬೇಕಾದಷ್ಟಿದ್ದರು. ನೆಂಟರ ಎದುರು ಮಂಗಳೂರಿನಲ್ಲಿ ತೆಗೆಸಿದ್ದು ಎಂದು ಕೊಚ್ಚಿಕೊಳ್ಳಬೇಕಲ್ಲ! ನಾನು ಒತ್ತಲಿಲ್ಲ.

ಆ ನಾಲ್ವರಲ್ಲಿ ಕೊಲ್ಲಮೊಗ್ರಿನ ಕುಶಾಲಪ್ಪ ನನ್ನ ನೆನಪಿನಲ್ಲಿ ಉಳಿದ. ಎಲ್ಲರಿಗಿಂತ ಉದ್ದದ ಆಳು, ಕೋಟಿನ ತೋಳು ಮಣಿಕಟ್ಟಿಗಿಂತ ಮೇಲೆಯೇ ನಿಂತಿತ್ತು. ಕನ್ನಡಿಯಲ್ಲಿ ನೋಡಿಕೊಂಡು ನಗು ತಡೆಯಲಾರದೆ, "ನಮ್ಮ ಮನೆಯವಳು ಇದನ್ನು ನೋಡಿದ್ರೆ ನಗಾಡಿ ನಗಾಡಿ ಸಾಯ್ತಾಳೆ," ಎಂದ. ಆ ಕಾಲದ ಪ್ಲೇಟಿಗೆ ಗಿರಾಕಿ ಉಸಿರು ಬಿಗಿಹಿಡಿದು ನಿಲ್ಲಬೇಕು, ಅಲ್ಲಾಡಿದರೆ ಮುಖ ಕಲಸಿಹೋಗುತ್ತದೆ. "ನಗಾಡ್ಬೇಡಿ, ಪಟ ಹಾಳಾಗ್ತದೆ," ಎಂದು ಗದರಿದೆ. ಅವನು ಮುಖ ಗಂಟುಹಾಕಿ ನಿಂತ.

ಮೇ ತಿಂಗಳ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಪುಟ್ಟ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಹೆಸರು ದೇವಕಿ. ಮನೆಯ ಮಾತು ಸುಳ್ಯದ ಕಡೆಯ ಅರೆಭಾಷೆಯಾದ್ದರಿಂದ ನನ್ನೊಡನೆ ಕನ್ನಡವನ್ನು ಎಚ್ಚರಿಕೆಯಿಂದ ಆಡಿದಳು.

"ಇಲ್ಲಿ ಸಮುದ್ರದ ಪರದೆ ಉಂಟು ಅಂತ ಬಸ್ಸಿನವರು ಹೇಳಿದ್ರು. ನಮ್ಮಿಬ್ಬರದ್ದು ಒಂದು ಪಟ ಬೇಕಿತ್ತು. ಇವಳ ಅಪ್ಪನಿಗೆ ಕಳಿಸ್ಲಿಕ್ಕೆ. ಅವರದ್ದೂ ಸಮುದ್ರದ ಎದುರು ಉಂಟು, ಎರಡನ್ನೂ ಒಟ್ಟಿಗೆ ಇಟ್ರೆ ಚಂದ ಕಾಣ್ತದೆ."

ಬಟ್ಟೆಯ ಗಂಟು ಬಿಚ್ಚಿ ಆ ಫೋಟೊವನ್ನು ನನ್ನ ಕೈಗಿಟ್ಟಳು. ಹಡಗು, ಸೊಟ್ಟ ರೆಕ್ಕೆಯ ಹಕ್ಕಿ, ಅದರ ಕೆಳಗೆ ಮುಖ ಗಂಟಿಕ್ಕಿ ನಿಂತ ಕುಶಾಲಪ್ಪ.

ಅವಳು ಹೇಳುತ್ತಲೇ ಇದ್ದಳು. ಏಜೆಂಟರೇ ಮನೆಗೆ ತಂದು ಕೊಟ್ಟರಂತೆ, ಬೊಂಬಾಯಿಯಲ್ಲಿ ತೆಗೆಸಿದ್ದಂತೆ. "ಕೋಟು ಕೂಡ ತೆಗೊಂಡಿದ್ದಾರೆ ನೋಡಿ," ಎನ್ನುವಾಗ ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಅವನು ಹೊರಡುವ ಮೊದಲೇ ತೆಗೆದ ಫೋಟೊವನ್ನು ತಲುಪಿದ ಮೇಲಿನದ್ದೆಂದು ಕೊಡಬೇಕಾದರೆ, ಅವನು ತಲುಪಿಯೇ ಇಲ್ಲ. ಹಾಗಾದರೆ ನಾಲ್ಕು ತಿಂಗಳಿಂದ ಅವನೆಲ್ಲಿ?

ಸಮುದ್ರದ ಪರದೆ ಸುತ್ತಿಟ್ಟಿತ್ತು. ಅದು ಒಗೆಯಲು ಹೋಗಿದೆ, ಮುಂದಿನ ವಾರ ಬನ್ನಿ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಗೂಟದ ಹತ್ತಿರ ಹೋಗಿ ಕೋಟಿನ ಹಿತ್ತಾಳೆ ಗುಂಡಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. ನನ್ನ ಕೈಯಿಂದ ಫೋಟೊ ತೆಗೆದುಕೊಂಡು ಅದನ್ನೂ ನೋಡಿದಳು.

"ಇದು ಇಲ್ಲಿ ಹೇಗೆ ಬಂತು?"

ಇನ್ನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಪರದೆ ಬಿಚ್ಚಿ ತೋರಿಸಿದೆ, ಏಜೆಂಟ್ ಅವರನ್ನು ಕರೆತಂದದ್ದನ್ನು ಹೇಳಿದೆ. ಅವಳು ಅಳುತ್ತಾಳೆಂದು ಹೆದರಿದ್ದೆ. ಅಳಲಿಲ್ಲ. "ಹಾಗಾದ್ರೆ ಅವರು ಈಗ ಎಲ್ಲಿದ್ದಾರೆ? ಅದನ್ನು ಹೇಳಿ," ಎಂದಳು.

ಅದು ನನಗೆ ಗೊತ್ತಿರಲಿಲ್ಲ. ಆದರೆ ಪೆಟ್ಟಿಗೆಯಲ್ಲಿ ನಾಲ್ವರ ನೆಗೆಟಿವ್‌ಗಳಿದ್ದವು. ಅವಸರದಲ್ಲಿ ಒಂದೊಂದು ಪ್ರತಿ ತೆಗೆದು, ಇನ್ನೂ ಒದ್ದೆ ಇರುವಾಗಲೇ ಬಸ್ ನಿಲ್ದಾಣಕ್ಕೆ ಇಳಿದೆ. ನಾಲ್ಕು ದಿಕ್ಕಿಗೂ ಹೋಗಿಬರುವವರು ಅಲ್ಲಿ ಸಿಗುತ್ತಾರೆ. ಚಾಲಕರು, ಕಂಡಕ್ಟರುಗಳು ಗೊತ್ತಿಲ್ಲವೆಂದು ತಲೆಯಾಡಿಸಿದರು. ಚಹಾ ಕುಡಿಯುತ್ತಿದ್ದ ಇದಿನಬ್ಬ ಮಾತ್ರ ಲೋಟ ಕೆಳಗಿಟ್ಟ. ಅವನು ಕೂಪಿನಿಂದ, ಅಂದರೆ ಗುತ್ತಿಗೆಗೆ ಮರ ಕಡಿಯುವ ಕಾಡಿನಿಂದ, ದಿಮ್ಮಿ ತರುವ ಲಾರಿಯ ಡ್ರೈವರ್.

"ಬೊಂಬಾಯಿ ಎಂತದು ಮಾರಾಯ್ರೆ? ಇವರೆಲ್ಲ ಕಡಬದಿಂದ ಆಚೆ ಕೂಪಿನಲ್ಲಿ ಉಂಟು. ಈ ಉದ್ದದವ ಹೋದ ವಾರ ಜ್ವರದಲ್ಲಿ ಮಲಗಿದ್ದ. ನೀರು ಕೇಳಿದ, ನಾನೇ ಕೊಟ್ಟೆ."

ಮೆಟ್ಟಿಲ ಮೇಲೆ ನಿಂತಿದ್ದ ದೇವಕಿಗೆ ಅದು ಕೇಳಿಸಿತು. ಬೊಂಬಾಯಿ ಎಂದು ಅವಳು ತಿಳಿದ ಜಾಗ ಅವಳ ಮನೆಯಿಂದ ಒಂದು ಹಗಲಿನ ನಡಿಗೆ. ಜ್ವರವೆಂದರೆ ಘಟ್ಟದ ಬುಡದ ಮಲೇರಿಯಾ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮಗುವನ್ನು ನನ್ನ ಹೆಂಡತಿಯ ಹತ್ತಿರ ಬಿಟ್ಟು, ಔಷಧದ ಅಂಗಡಿಯಿಂದ ಕ್ವಿನೈನ್ ಮಾತ್ರೆ ತೆಗೆದುಕೊಂಡು ಆಗಲೇ ಲಾರಿ ಹತ್ತಿದೆವು. ದಾರಿಯುದ್ದಕ್ಕೂ ಅವಳು ಮಾತ್ರೆಯ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಕಡಬ ದಾಟಿದ ಮೇಲೆ ಒಮ್ಮೆ, "ಊಟಕ್ಕೆ ಮೊದಲು ಕೊಡುದಾ, ಮತ್ತೆಯಾ?" ಎಂದು ಕೇಳಿದಳು. ಊಟ ಆದ ಮೇಲೆ ಎಂದೆ.

ಕೂಪಿನಲ್ಲಿ ಸೊಪ್ಪು ಹೊದೆಸಿದ ಉದ್ದನೆಯ ಒಂದು ಗುಡಿಸಲು. ಸುಂದರ ಎಂಬವನು ಹೊರಗೆ ಬಂದ. ನಾನು ಫೋಟೊ ತೆಗೆದ ನಾಲ್ವರಲ್ಲಿ ಒಬ್ಬ. ಗುರುತು ಸಿಗಲಿಲ್ಲ, ಕೆನ್ನೆ ಅಷ್ಟು ಒಳಗೆ ಹೋಗಿತ್ತು. ನನ್ನನ್ನು ಕಂಡು ಬೆರಗಾದ, ದೇವಕಿಯನ್ನು ಕಂಡು ತಲೆ ತಗ್ಗಿಸಿದ. ಕುಶಾಲಪ್ಪ ಸತ್ತು ಮೂರು ದಿನವಾಗಿತ್ತು. ಹಳ್ಳದ ಆಚೆ ದಡದಲ್ಲಿ ಸುಟ್ಟಿದ್ದರು. ಬೂದಿಯ ಸುತ್ತ ನಾಲ್ಕು ಕಲ್ಲು ಇಟ್ಟಿದ್ದು ಸುಂದರನೇ. ದೇವಕಿ ಅಲ್ಲಿ ಕುಳಿತಳು. ಪೊಟ್ಟಣ ಆಗಲೂ ಮುಷ್ಟಿಯಲ್ಲೇ ಇತ್ತು. ನಾನು ಬಹಳ ಹೆಣಗಳ ಫೋಟೊ ತೆಗೆದವನು. ಮನೆಯವರು ಕರೆದರೆ ಹೋಗಲೇಬೇಕು, ಅದೂ ನಮ್ಮ ವೃತ್ತಿಯೇ. ಆದರೆ ಆವತ್ತು ಅವಳ ಕಡೆ ನೋಡಲು ನನ್ನಿಂದಾಗಲಿಲ್ಲ.

ಅಷ್ಟು ಹತ್ತಿರದಲ್ಲಿ ಮನೆಯಿದ್ದೂ ಯಾಕೆ ಓಡಿಹೋಗಲಿಲ್ಲ ಎಂದು ನಾನು ಸುಂದರನನ್ನು ಸಿಟ್ಟಿನಿಂದಲೇ ಕೇಳಿದೆ. ಮೊದಲು ಕೆಲವು ದಿನ ಇಲ್ಲಿ ದುಡಿಯಿರಿ, ಆಮೇಲೆ ರೈಲು ಹತ್ತಿಸುತ್ತೇನೆ ಎಂದು ಏಜೆಂಟ್ ನಂಬಿಸಿದ್ದನಂತೆ. ದಿನಗಳು ಕಳೆದು ಇವರು ಎದುರು ಮಾತಾಡತೊಡಗಿದಾಗ ಅವನು ಬೇರೆ ವರಸೆ ತೆಗೆದ.

"ನಿಮ್ಮ ಪಟ ಎಲ್ಲರ ಮನೆಗೆ ಮುಟ್ಟಿಸಿ ಆಯ್ತು, ಊರಿಗೆ ಊರೇ ನೋಡಿ ಆಯ್ತು ಅಂದ. ಈಗ ಹರಕು ಬಟ್ಟೆಯಲ್ಲಿ ಹೋಗಿ ಎಂತ ಹೇಳ್ತೀರಿ ಅಂತ ಕೇಳಿದ. ಕುಶಾಲಪ್ಪಣ್ಣ ಎರಡು ಸಲ ಹೊರಟದ್ದು ಹೌದು. ದಾರಿಯಿಂದ ತಿರುಗಿ ಬಂದ್ರು. ಮಗಳಿಗೆ ಅಪ್ಪ ಹಡಗಿನ ಹತ್ತಿರ ಇದ್ದಾರೆ ಅಂತ ಗೊತ್ತಾಗಿದೆ, ಬರಿಗೈಯಲ್ಲಿ ಹೇಗೆ ಹೋಗುದು ಅಂದ್ರು."

ಆ ಗುಡಿಸಲಿಗೆ ಬೇಲಿ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. ನಾನು ತೆಗೆದ ಫೋಟೊ ಸಾಕಾಗಿತ್ತು.

ಉಳಿದ ಮೂವರನ್ನೂ ಅದೇ ಲಾರಿಯಲ್ಲಿ ಕರೆತಂದೆವು. ಪೊಲೀಸರಿಗೆ ದೂರು ಕೊಟ್ಟೆವು, ಮೊಕದ್ದಮೆಯೂ ನಡೆಯಿತು. ಪರದೆ, ಕೋಟು, ನೆಗೆಟಿವ್ ಎಲ್ಲವನ್ನೂ ಹೊತ್ತು ನಾನು ಸಾಕ್ಷಿ ಹೇಳಲು ಹೋದೆ. ಏಜೆಂಟನ ಪರ ವಕೀಲರು ಒಂದೇ ಪ್ರಶ್ನೆ ಕೇಳಿದರು: "ಪರದೆಯ ಮುಂದೆ ಫೋಟೊ ತೆಗೆಸಿಕೊಳ್ಳುವುದು ಅಪರಾಧವೆ?" ಅಲ್ಲ ಎಂದೆ. ಬೊಂಬಾಯಿಯಲ್ಲಿ ತೆಗೆಸಿದ್ದೆಂದು ತಾನು ಹೇಳಿಯೇ ಇಲ್ಲ, ಹೆಂಗಸರು ಹಾಗೆ ತಿಳಿದುಕೊಂಡರು ಎಂದು ಏಜೆಂಟ್ ವಾದಿಸಿದ. ಅವರು ಕೂಪಿನಲ್ಲಿ ಇದ್ದದ್ದು ಸ್ವಂತ ಇಚ್ಛೆಯಿಂದ ಎಂದಾಯಿತು, ಸತ್ತದ್ದು ಜ್ವರದಿಂದ ಎಂದಾಯಿತು. ಅವನು ಬಿಡುಗಡೆಯಾಗಿ ಅದೇ ನಗುವಿನೊಂದಿಗೆ ಮೆಟ್ಟಿಲಿಳಿದು ಹೋದ. ಪರದೆ ನನಗೆ ಮರಳಿ ಸಿಕ್ಕಿತು. ಕೋಟು ಕೋರ್ಟಿನಲ್ಲೇ ಉಳಿಯಿತು, ನಾನೂ ಕೇಳಲು ಹೋಗಲಿಲ್ಲ.

ಮಳೆಗಾಲ ಮುಗಿದ ಮೇಲೆ ದೇವಕಿ ಇನ್ನೊಮ್ಮೆ ಬಂದಳು. ಗೋಡೆಗೆ ಹಾಕಲು ಗಂಡನದ್ದೆಂದು ಇದ್ದದ್ದು ಅದೊಂದೇ ಫೋಟೊ.

"ಈ ಸಮುದ್ರ ತೆಗೀಲಿಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ನೆಗೆಟಿವ್‌ನಲ್ಲಿ ಮನುಷ್ಯನ ಆಕಾರ ಬಿಟ್ಟು ಸುತ್ತಲೂ ಕೆಂಪು ಬಣ್ಣ ಬಳಿದರೆ ಬೆಳಕು ಹಾಯುವುದಿಲ್ಲ, ಪ್ರತಿಯಲ್ಲಿ ಅಷ್ಟೂ ಜಾಗ ಬಿಳಿಯಾಗುತ್ತದೆ. ಸಣ್ಣ ಕುಂಚದಿಂದ ಹಡಗನ್ನು ಮುಚ್ಚಿದೆ, ಹಕ್ಕಿಯನ್ನು ಮುಚ್ಚಿದೆ. ಅವಳು ಪಕ್ಕದಲ್ಲೇ ನಿಂತು ನೋಡಿದಳು. ಪ್ರತಿ ಒಣಗಿದಾಗ ಕುಶಾಲಪ್ಪ ಬಿಳಿಯ ನಡುವೆ ಒಬ್ಬನೇ ನಿಂತಿದ್ದ. ಕೋಟನ್ನು ತೆಗೆಯಲು ಯಾವ ವಿದ್ಯೆಯೂ ನನ್ನಲ್ಲಿರಲಿಲ್ಲ.

ಅವಳು ಬಹಳ ಹೊತ್ತು ಆ ಮುಖವನ್ನೇ ನೋಡಿ, "ಇವರ ಮುಖ ಯಾಕೆ ಹೀಗುಂಟು? ಹೀಗೆಲ್ಲ ಆಗ್ತದೆ ಅಂತ ಆಗ್ಲೇ ಗೊತ್ತಾಗಿತ್ತಾ?" ಎಂದು ಕೇಳಿದಳು.

"ಇಲ್ಲ. ಅವರು ನಗಾಡ್ತಾ ಇದ್ರು. ಪಟ ಹಾಳಾಗ್ತದೆ ಅಂತ ನಾನೇ ನಿಲ್ಲಿಸಿದ್ದು."

"ಎಂತಕ್ಕೆ ನಗಾಡಿದ್ದು?"

"ಈ ಕೋಟಿನಲ್ಲಿ ನೋಡಿದ್ರೆ ನೀವು ನಗಾಡ್ತೀರಿ ಅಂತ."

ಮೊದಲ ಸಲ ಇಲ್ಲೇ ನನ್ನೆದುರು ಅಳದಿದ್ದವಳು ಆಗ ಅತ್ತಳು. "ನಗಾಡಿದ್ದೆ," ಎಂದಳು. "ಪಟ ಬಂದ ದಿವಸ ಆ ಗಿಡ್ಡ ತೋಳು ನೋಡಿ ನಾನು ತುಂಬಾ ನಗಾಡಿದ್ದೆ."

ಹೊರಡುವ ಮೊದಲು ಅವಳು ಪ್ರತಿಯನ್ನು ತಿರುಗಿಸಿ, ಹಿಂದೆ ಊರಿನ ಹೆಸರು ಹಾಕಲು ಹೇಳಿದಳು. ನಾನು ಮೊಹರು ಒತ್ತಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಶಾಲೆಯಲ್ಲಿ ಉರುಹೊಡೆದಿದ್ದೆ. ಅದರ ಅರ್ಥ ತಿಳಿದದ್ದು ಈ ವೃತ್ತಿಯಲ್ಲಿ. ಕ್ಯಾಮೆರಾ ತನ್ನ ಎದುರು ನಿಂತದ್ದನ್ನು ಹಿಡಿಯುತ್ತದೆ, ಅಷ್ಟೇ. ಅದು ಎಲ್ಲಿಯದು ಎಂದು ಹೇಳಬೇಕಾದವನು ಕ್ಯಾಮೆರಾದ ಹಿಂದೆ ನಿಂತವನು. ಆಮೇಲೆ ಸ್ಟುಡಿಯೋ ಮುಚ್ಚುವವರೆಗೂ, ಬಸ್ಸಿನದ್ದಾಗಲಿ, ಮದುಮಕ್ಕಳದ್ದಾಗಲಿ, ಹೆಣದ್ದಾಗಲಿ, ಬೆನ್ನಿಗೆ ಊರಿನ ಹೆಸರಿಲ್ಲದ ಒಂದು ಫೋಟೊವೂ ನನ್ನ ಕೈಯಿಂದ ಹೊರಗೆ ಹೋಗಲಿಲ್ಲ. ಮೊಹರು ಬೇಡ ಎಂದ ಗಿರಾಕಿಗಳಿಗೆ ನಾನು ಬಾಗಿಲು ತೋರಿಸಿದೆ. ಹಲವರು ಸಿಟ್ಟುಮಾಡಿಕೊಂಡು ಬೇರೆ ಸ್ಟುಡಿಯೋಕ್ಕೆ ಹೋದರು.